ಅಗ್ಗದ ಸಾಲು

ಎರಡು ಬೋರ್ಡು.
ಬಾಗಿಲಿಗೆ ಹತ್ತಿದ್ದು ಅರವತ್ತು,
ಬೇಲಿಯಾಚೆ, ಜಾಲಿಗಿಡದ ಪಕ್ಕದ್ದು ಇಪ್ಪತ್ತು.
ಹತ್ತು ನಿಮಿಷದೊಳಗೆ ಹೊರಟರೆ ಎರಡೂ ಕಡೆ ಪುಕ್ಕಟೆ.
ಜೀನ್ಸ್ ಹೊಲಿಸುವವನಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೆ?
ಅಂಗುಲಂಗುಲ ಬಟ್ಟೆ ಉಳಿಸಿ ಮನೆ ಕಟ್ಟಿದವನು ನಾನು.
ಓಮ್ನಿಯನ್ನು ಜಾಲಿಯ ಕಡೆಗೆ ತಿರುಗಿಸಿದೆ.

ತೋರಣಗಲ್ಲಿನ ಧೂಳು ರೇಟು ನೋಡುವುದಿಲ್ಲ.
ಬೆಳ್ಳನೆ ಉದ್ದ ಕಾರು, ನನ್ನ ಹಳೇ ಡಬ್ಬಿ,
ಅರ್ಧ ತಾಸಿಗೆ ಎರಡಕ್ಕೂ ಒಂದೇ ಅದಿರಿನ ಬಣ್ಣ.
ಯಾರೋ ಹುಡುಗ ಪಕ್ಕದ ಗಾಜಿನ ಮೇಲೆ
ಬೆರಳಿನಿಂದ ವಿಮಾನ ಬರೆದು ಹೋಗಿದ್ದ,
ರೆಕ್ಕೆ ಒಂದೇ.

ಚೀಟಿ ಕೊಡುವ ಮಾರೆಕ್ಕ
ಖಾಕಿ ಅಂಗಿಯ ಮೇಲೆ ಸೆರಗು ಬಿಗಿದು
ಮಷಿನ್ನಿನ ಹೊಟ್ಟೆ ತಟ್ಟುತ್ತಾ ಕೇಳಿದಳು:
"ಯಾರನ್ನ ಕರ್ಕಂಡು ಹೋಗಾಕೆ ಬಂದೀರಿ?"
ಗೆಳೆಯ ಅನ್ನಲೋ, ಪಾಲುದಾರ ಅನ್ನಲೋ,
ಹನ್ನೊಂದು ವರ್ಷದಿಂದ ಮಾತು ಬಿಟ್ಟವನು ಅನ್ನಲೋ.
"ಒಬ್ರು ಬರೋರದಾರೆ" ಅಂದೆ.

ವಿಮಾನ ತಡ. ಹೈದರಾಬಾದಿನಲ್ಲಿ ಇನ್ನೂ ಎದ್ದೇ ಇಲ್ಲವಂತೆ.
ಒಂಬತ್ತನೇ ನಿಮಿಷಕ್ಕೆ ಗಾಡಿ ತೆಗೆದೆ.
ಹೆದ್ದಾರಿಯ ತನಕ ಹೋಗಿ, ಲಾರಿಗಳ ಮೂತಿ ನೋಡಿ
ತಿರುಗಿ ಬಂದೆ. ಹೊಸ ಚೀಟಿ, ಹೊಸ ಹತ್ತು ನಿಮಿಷ.
ಮತ್ತೆ ಹೋದೆ. ಮತ್ತೆ ಬಂದೆ.
ನಾಲ್ಕನೇ ಸಲ ಮಾರೆಕ್ಕ ಚೀಟಿ ಹರಿಯಲಿಲ್ಲ.
"ಅಣ್ಣಾ, ಪೆಟ್ರೋಲಿಗೆ ಎಷ್ಟು ಹೋತು?"

ಸೋತು ನಿಲ್ಲಿಸಿದೆ. ಗಾಜು ಇಳಿಸಿದೆ.
ಹಿಂದಿನ ಸೀಟಿನಲ್ಲಿ ನೀಲಿ ದಾರದ ಸಿಂಬೆ,
ತಾಮ್ರದ ಗುಂಡಿಗಳ ಪೊಟ್ಟಣ,
ಎಷ್ಟು ಒರೆಸಿದರೂ ಬಿಡದ ಬಣ್ಣದ ವಾಸನೆ.

ಕೌಲ್ ಬಜಾರಿನ ತಗಡಿನ ಶೆಡ್ಡಿನಲ್ಲಿ
ಎರಡೇ ಮಷಿನ್ನು ಇದ್ದಾಗ
ಎಡಗಾಲು ಗಾದಿಲಿಂಗ ಹೊಲಿಯುತ್ತಿದ್ದ, ಬಲಗಾಲು ನಾನು.
ಕರೆಂಟು ಹೋದರೆ ಕೆಳಗೆ ಅಂಗಾತ ಮಲಗಿ
ತಗಡಿನ ತೂತುಗಳನ್ನು ಎಣಿಸುತ್ತಿದ್ದೆವು.
ಅವನ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ
ಯಾವಾಗಲೂ ಒಂದೆರಡು ಫರಕು. ನಗುತ್ತಿದ್ದೆವು.

ಆಮೇಲೆ ನೂರಾ ಎಂಬತ್ತು ಪ್ಯಾಂಟು ಫರಕು ಬಂತು.
ಯಾರೂ ನಗಲಿಲ್ಲ.
ನೀ ತಿಂದೆ ಅಂದೆ ನಾನು.
ಅವನು ತನ್ನ ಕತ್ತರಿಯೊಂದನ್ನೇ ಎತ್ತಿಕೊಂಡು ಹೋದ.

ಮೂರು ವರ್ಷಕ್ಕೆ ಮಷಿನ್ನು ಸರಿಸಿದಾಗ
ಅದರ ಕಾಲಿನ ಕೆಳಗೆ, ಅಲುಗಾಡದಿರಲೆಂದು
ನಾನೇ ಮಡಚಿ ಇಟ್ಟ ಕಾಗದ:
ಬಣ್ಣ ತೊಳೆಯುವವರ ಚೀಟಿ. ನೂರಾ ಎಂಬತ್ತು.
ಪಡೆದವನ ರುಜು ನನ್ನದು.
ಎಂಟು ವರ್ಷವಾಯಿತು.
ಆ ಚೀಟಿ ಈ ಅಂಗಿಯಿಂದ ಆ ಅಂಗಿಗೆ ದಾಟುತ್ತಲೇ ಇದೆ.
ಕಿಸೆಯಲ್ಲಿ ಇಡುವುದಕ್ಕೆ ಬಾಡಿಗೆ ಕೇಳುವವರು ಯಾರು?

ಬಂದ. ಕೂದಲು ಪೂರಾ ಬೆಳ್ಳಗೆ.
ಕೈಯಲ್ಲಿ ಸಣ್ಣ ಚೀಲ. ಶೆಡ್ಡಿನ ಕಾಗದಕ್ಕೆ ಸಹಿ ಹಾಕಿ
ಸಂಜೆಯ ವಿಮಾನಕ್ಕೇ ವಾಪಸ್ಸಂತೆ.
ಹತ್ತಿರದ ಸಾಲನ್ನು ನೋಡಿದ, ಆಮೇಲೆ ನನ್ನನ್ನು,
ಏನೂ ಹೇಳದೆ ಜಾಲಿಯ ಕಡೆಗೇ ನಡೆದ.
ನಾನು ಎಲ್ಲಿ ನಿಲ್ಲಿಸಿರುತ್ತೇನೆಂದು ಅವನಿಗೆ ಗೊತ್ತು.

ಗೇಟಿನ ಕೋಲಿನ ಮುಂದೆ ಮಾರೆಕ್ಕ ಕೈಚಾಚಿದಳು.
ಅವನು ಇಪ್ಪತ್ತರ ನೋಟು ತೆಗೆದ.
"ಇಡಲೇ, ನಾ ಕೊಡ್ತೀನಿ."
ಹನ್ನೊಂದು ವರ್ಷದ ಮೇಲೆ ನಾನಾಡಿದ ಮೊದಲ ಮಾತು ಅದು.
"ನೀ ಇಡಪಾ" ಅಂದ ಅವನು.
ಅವಸರದಲ್ಲಿ ಕಿಸೆಗೆ ಕೈಹಾಕಿ
ಸಿಕ್ಕಿದ್ದನ್ನು ಅವಳ ಕೈಗಿಟ್ಟೆ.

ಮಾರೆಕ್ಕ ಬಿಡಿಸಿ ನೋಡಿದಳು, ತಿರುಗಿಸಿ ನೋಡಿದಳು.
ಮಡಿಕೆಗಳಲ್ಲಿ ಇನ್ನೂ ಮಷಿನ್ನಿನ ಎಣ್ಣೆ.
"ಇದು ಇಲ್ಲಿ ಚೀಟಿ ಅಲ್ಲಣ್ಣ."

ಗಾದಿಲಿಂಗ ನನ್ನ ಎದೆಯ ಮುಂದಿಂದ
ಕಿಟಕಿಯಾಚೆಗೆ ಕೈ ನೀಡಿದ.
ಕನ್ನಡಕಕ್ಕಾಗಿ ತಡಕಾಡಿದ.

ಹಿಂದಿನ ಗಾಡಿಯವನು ಹಾರ್ನ್ ಹೊಡೆದ.